ಕರ್ನಲ್ ಸಾಹೇಬರ ಲಗೇಜು

ಸರ್ಕಾರಿ ದೋಣಿಯಲ್ಲಿ ಸಾಹೇಬರ ಸ್ವಂತ ಲಗೇಜು ತುಂಬಿದ್ದರೆ ಆ ದೋಣಿ ಯಾರದ್ದು? ಇದನ್ನು ಇತ್ಯರ್ಥ ಮಾಡಲು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಸುಮಾರು ಎರಡೂವರೆ ವರ್ಷ ಹಿಡಿಯಿತು.

ಸಾಹೇಬರ ಹೆಸರು ಲೆಫ್ಟಿನೆಂಟ್ ಕರ್ನಲ್ ಪಾಲ್ ರಿವೀರ್. ಹೌದು, ಅವರೇ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ 1775ರ ಏಪ್ರಿಲ್ ರಾತ್ರಿ ಕುದುರೆ ಏರಿ, ಬ್ರಿಟಿಷ್ ಸೈನ್ಯ ಹೊರಟ ಸುದ್ದಿ ಮುಟ್ಟಿಸಿದ ಬಾಸ್ಟನ್ನಿನ ಬೆಳ್ಳಿ ಕೆಲಸದವರು. 1779ರ ಹೊತ್ತಿಗೆ ಅವರು ರಾಜ್ಯದ ಫಿರಂಗಿ ಪಡೆಯ ಮುಖ್ಯಸ್ಥರು.

ಆ ವರ್ಷ ಬ್ರಿಟಿಷರು ಈಗಿನ ಮೇನ್ ರಾಜ್ಯದ ಪೆನಾಬ್‌ಸ್ಕಾಟ್ ಕೊಲ್ಲಿಯಲ್ಲಿ ಕೋಟೆ ಕಟ್ಟತೊಡಗಿದರು. ಅವರನ್ನು ಓಡಿಸಲು ಮ್ಯಾಸಚೂಸೆಟ್ಸ್ ಸುಮಾರು 40 ಹಡಗು ಕಳಿಸಿತು. ಕೋಟೆಯ ಗೋಡೆ ಇನ್ನೂ ಪೂರ್ತಿ ಎದ್ದಿರಲಿಲ್ಲ. ಇವರು ದಂಡೆಗೆ ಇಳಿದರು, ಗುಡ್ಡ ಹತ್ತಿದರು, ಆಮೇಲೆ ಕೂತು ಮೀಟಿಂಗ್ ಶುರುಮಾಡಿದರು. ಮೊದಲು ಹಡಗಿನವರು ನುಗ್ಗಲಿ ಎಂದು ನೆಲಪಡೆಯ ಜನರಲ್ ಲವೆಲ್. ಮೊದಲು ನೆಲದವರು ನುಗ್ಗಲಿ ಎಂದು ಹಡಗುಗಳ ಮುಖ್ಯಸ್ಥ ಕಮೋಡರ್ ಸಾಲ್ಟನ್‌ಸ್ಟಾಲ್. ಹೀಗೆ ಎರಡು ವಾರ ಕಳೆಯಿತು. ಆಗಸ್ಟ್ 13ಕ್ಕೆ ಬ್ರಿಟಿಷರ ಹೆಚ್ಚುವರಿ ಹಡಗುಗಳು ಬಂದೇಬಿಟ್ಟವು. ಇವರು ನದಿಯೊಳಕ್ಕೆ ಓಡಿ, ತಮ್ಮ ಹಡಗುಗಳಿಗೆ ತಾವೇ ಬೆಂಕಿ ಇಟ್ಟುಕೊಂಡರು. ಖರ್ಚು 17 ಲಕ್ಷ ಪೌಂಡಿಗೂ ಮೇಲೆ.

ಈ ಓಟದ ನಡುವೆ, ಸೈನ್ಯದ ಬಹುಪಾಲು ದಿನಸಿ ಹೊತ್ತ ಒಂದು ಪುಟ್ಟ ಹಾಯಿಹಡಗು ನೀರಿನ ಸೆಳೆತಕ್ಕೆ ಸಿಕ್ಕಿ ಶತ್ರುಗಳ ಕಡೆಗೇ ತೇಲತೊಡಗಿತು. ಒಳಗೆ ಜನ. ಲವೆಲ್ ಕೈಕೆಳಗಿನ ಜನರಲ್ ವಾಡ್ಸ್‌ವರ್ತ್ ಸುತ್ತ ನೋಡಿದರು. ರಿವೀರ್ ಸಾಹೇಬರ ದೋಣಿ ಕಣ್ಣಿಗೆ ಬಿತ್ತು. ಹೋಗಿ ಅವರನ್ನು ಕರೆತನ್ನಿ ಎಂದರು.

ಆಗಲ್ಲ ಎಂದರು ಸಾಹೇಬರು. ನನ್ನ ಮೇಲಾಗಲಿ ದೋಣಿಯ ಮೇಲಾಗಲಿ ನಿಮಗೆ ಅಧಿಕಾರವಿಲ್ಲ ಎಂಬುದು ಕಾನೂನಿನ ಪಾಯಿಂಟು. ಜನರಲ್ ಕೊಟ್ಟ ಹೇಳಿಕೆಯ ಪ್ರಕಾರ ಅಸಲಿ ಕಾರಣ ಬೇರೆ: ದೋಣಿಯಲ್ಲಿ ಸಾಹೇಬರ ಸಾಮಾನೆಲ್ಲ ಇತ್ತು. ರಾಜ್ಯದ ಹಡಗು ಉಳಿಸಲು ಹೋಗಿ ಅದನ್ನು ಕಳೆದುಕೊಂಡರೆ ನನಗೆ ಥ್ಯಾಂಕ್ಸ್ ಹೇಳೋರು ಯಾರು ಎಂದು ಕೇಳಿದರಂತೆ. ನ್ಯಾಯವಾದ ಪ್ರಶ್ನೆ ಅಲ್ವಾ? ನೀವು ಬಂದಿದ್ದು ಲಗೇಜು ಕಾಯಲಿಕ್ಕೋ ರಾಜ್ಯದ ಕೆಲಸಕ್ಕೋ ಎಂದು ಜನರಲ್ ಗದರಿದರು. ಅರೆಸ್ಟ್ ಮಾಡಿಸುತ್ತೇನೆ ಎಂದೂ ಹೇಳಿದರು. ಕೊನೆಗೆ ದೋಣಿ ಹೋಯಿತು, ಜನ ಬದುಕಿದರು.

(ಈ ವಾಡ್ಸ್‌ವರ್ತ್ ಅವರ ಮಗಳ ಮಗ ಮುಂದೆ ದೊಡ್ಡ ಕವಿಯಾದ. ಆತ ಬರೆದ ಪದ್ಯದಿಂದಲೇ ರಿವೀರ್ ದೇಶಕ್ಕೆಲ್ಲ ಹೀರೋ ಆಗಿದ್ದು. ಪದ್ಯದಲ್ಲಿ ಒಂದು ದೋಣಿಯೂ ಬರುತ್ತದೆ. ಅದರಲ್ಲಿ ಲಗೇಜು ಇಲ್ಲ. ತಾತ ಮೊಮ್ಮಗನಿಗೆ ಈ ಕಥೆ ಹೇಳಲಿಲ್ಲವೋ, ಹೇಳಿದರೂ ಪ್ರಾಸಕ್ಕೆ ಹೊಂದಲಿಲ್ಲವೋ.)

ಸೆಪ್ಟೆಂಬರಿನಲ್ಲಿ ರಿವೀರ್ ಸಾಹೇಬರ ಮೇಲೆ ದೂರು ಬಂತು. ಎಲ್ಲರೂ ದಂಡೆಯಲ್ಲಿ ಬಿಡಾರ ಹೂಡಿದ್ದರೆ ಇವರು ಊಟ ನಿದ್ದೆಗೆ ಹಡಗಿಗೆ ಹೋಗುತ್ತಿದ್ದರು ಎಂಬ ಆರೋಪವೂ ಸೇರಿತ್ತು. ಸಾಹೇಬರಿಗೆ ಗೃಹಬಂಧನ. ಅವರು ತಾವೇ ಬರೆದ ದಿನಚರಿಯನ್ನು ಸಾಕ್ಷಿಯಾಗಿ ಒಪ್ಪಿಸಿದರು. ಅದರಲ್ಲಿ ಅವರದ್ದೇನೂ ತಪ್ಪಿರಲಿಲ್ಲ ಎಂದು ಬೇರೆ ಹೇಳಬೇಕೆ! ವಿಚಾರಣಾ ಸಮಿತಿ ಸ್ವಲ್ಪ ಮುಖ ಸಿಂಡರಿಸಿತು. ಹಾಗಾದರೆ ಮಿಲಿಟರಿ ಕೋರ್ಟಿನಲ್ಲೇ ವಿಚಾರಣೆ ಮಾಡಿ ಎಂದು ಇವರು ಅರ್ಜಿ ಮೇಲೆ ಅರ್ಜಿ ಹಾಕಿದರು. ಆರೋಪಿಯೇ ಕೋರ್ಟು ಬೇಕೆಂದು ದುಂಬಾಲು ಬಿದ್ದಿದ್ದು, ಸರ್ಕಾರ ನುಣುಚಿಕೊಂಡಿದ್ದು ಇಲ್ಲಿಯ ವಿಶೇಷ.

1782ರ ಫೆಬ್ರವರಿಯಲ್ಲಿ ಕೊನೆಗೂ ಕೋರ್ಟು ಕೂತಿತು. ತೀರ್ಪನ್ನು ನಿಧಾನವಾಗಿ ಓದಿಕೊಳ್ಳಬೇಕು. ದೋಣಿ ಕೊಡಲು ನಿರಾಕರಿಸಿದ್ದು ರುಜುವಾತಾಗಿದೆ. ಆದರೆ ಆ ನಿರಾಕರಣೆ ಬಹಳ ದಿಢೀರನೆ ಆಗಿಹೋದದ್ದು. ಮೇಲಾಗಿ ದೋಣಿ ಆಮೇಲೆ ಅದೇ ಕೆಲಸಕ್ಕೆ ಬಳಕೆಯಾಗಿದೆ. ಆದ್ದರಿಂದ ಖುಲಾಸೆ. ಯೋಚಿಸಿ ಬೇಡ ಅಂದಿದ್ದರೆ ತಪ್ಪಾಗುತ್ತಿತ್ತೋ ಏನೋ, ಥಟ್ಟನೆ ಅಂದಿದ್ದಕ್ಕೆ ಬಚಾವು. ಆದೇಶವಿಲ್ಲದೆ ಮನೆಗೆ ಹೊರಟುಬಂದ ಆರೋಪವೂ ನಿಲ್ಲಲಿಲ್ಲ. ಸೈನ್ಯವೇ ಚೆಲ್ಲಾಪಿಲ್ಲಿಯಾಗಿದ್ದಾಗ ಆದೇಶ ಎಲ್ಲಿಂದ ಬರಬೇಕು ಸ್ವಾಮಿ?

ಕೊನೆಯ ಸಾಲು ಇನ್ನೂ ಚೆಂದ. ಆ ದಂಡಯಾತ್ರೆಯ ಉಳಿದ ಅಧಿಕಾರಿಗಳಿಗೆ ಎಷ್ಟು ಗೌರವವೋ ಅಷ್ಟೇ ಗೌರವದೊಂದಿಗೆ ರಿವೀರ್ ಅವರನ್ನು ಬಿಡುಗಡೆ ಮಾಡಲಾಗಿದೆ. ಆ ಉಳಿದವರಲ್ಲಿ ಕಮೋಡರ್ ಸಾಲ್ಟನ್‌ಸ್ಟಾಲ್ ಕೂಡ ಒಬ್ಬರು. ಅವರನ್ನು ನೌಕಾಪಡೆಯಿಂದಲೇ ತೆಗೆದುಹಾಕಿ ಆಗಲೇ ಎರಡು ವರ್ಷ ದಾಟಿತ್ತು.