ಸಾಹೇಬರ ಹೊಟ್ಟೆನೋವು

2025ರ ಮೇ ತಿಂಗಳಲ್ಲಿ ಟ್ರಂಪ್ ತಮ್ಮ ರಾಷ್ಟ್ರೀಯ ಭದ್ರತಾ ಸಲಹೆಗಾರರನ್ನು ಎತ್ತಂಗಡಿ ಮಾಡಿ, ಆ ಕೆಲಸವನ್ನೂ ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ತಲೆಗೇ ಕಟ್ಟಿದರಲ್ಲ, ಎಂಥಾ ಜಾಣತನ! ಇನ್ನು ಸಚಿವರಿಗೂ ಸಲಹೆಗಾರರಿಗೂ ಜಗಳವೇ ಇಲ್ಲ. ಭಿನ್ನಾಭಿಪ್ರಾಯ ಬಂದರೆ ರೂಬಿಯೊ ಕನ್ನಡಿ ಮುಂದೆ ನಿಂತು ಬಗೆಹರಿಸಿಕೊಳ್ಳಬಹುದು. ನಾಲ್ಕು ಇಲಾಖೆಯವರ ಮಾತು ಅಧ್ಯಕ್ಷರ ಕಿವಿಗೆ ಬೀಳಲಿ ಅಂತ 1947ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಮಂಡಳಿ ಕಟ್ಟಿದವರು ಪಾಪ, ಅಧ್ಯಕ್ಷರಿಗೆ ಕೇಳುವ ಆಸೆ ಇರುತ್ತದೆ ಅಂದುಕೊಂಡಿದ್ದರು.

ಟ್ರಂಪ್ ಒಬ್ಬರನ್ನೇ ಯಾಕೆ ಬೈಯೋದು? ಅಧ್ಯಕ್ಷ ನಿಕ್ಸನ್ ಕಾಲದಲ್ಲೂ ಈ ಎರಡೂ ಹುದ್ದೆ ಹೆನ್ರಿ ಕಿಸ್ಸಿಂಜರ್ ಒಬ್ಬರ ಬಳಿಯೇ ಇದ್ದವು. ಅದಕ್ಕೂ ಮೊದಲು, 1971ರ ಜುಲೈನಲ್ಲಿ, ಸಲಹೆಗಾರರಾಗಿದ್ದ ಈ ಸಾಹೇಬರಿಗೆ ಇಸ್ಲಾಮಾಬಾದಿನಲ್ಲಿ ಹೊಟ್ಟೆನೋವು ಬಂತು. ಗುಡ್ಡದ ಮೇಲೆ ವಿಶ್ರಾಂತಿಗೆ ಹೋದರು ಅಂತ ಖಾಲಿ ಕಾರುಗಳನ್ನು ಓಡಿಸಿದ್ದಾಯಿತು. ಸಾಹೇಬರು ಮಾತ್ರ ಗುಟ್ಟಾಗಿ ವಿಮಾನ ಹತ್ತಿ, ಚೀನಾದ ಜೊತೆ ಮಾತುಕತೆಗೆ ಬೀಜಿಂಗ್ ಸೇರಿದ್ದರು. ಆಗಿನ ವಿದೇಶಾಂಗ ಸಚಿವ ರೋಜರ್ಸ್‌ಗೆ ವಿಷಯ ತಿಳಿಸಿದ್ದೇ ಕಡೇ ಗಳಿಗೆಯಲ್ಲಿ. ವಿದೇಶಾಂಗ ಇಲಾಖೆಗೆ ವಿದೇಶದ ವಿಷಯ ಯಾಕೆ, ಅಲ್ವಾ?

ಇದರಲ್ಲಿ ನನಗೆ ಬಹಳ ಇಷ್ಟವಾಗೋದು ಶರ್ಟಿನ ಕಥೆ. ಗಡಿಬಿಡಿಯಲ್ಲಿ ಕಿಸ್ಸಿಂಜರ್ ಬದಲಿ ಶರ್ಟುಗಳನ್ನೇ ಮರೆತಿದ್ದರು. ತಮಗಿಂತ ತುಂಬಾ ಎತ್ತರದ ಸಹಾಯಕರೊಬ್ಬರ ಶರ್ಟು ಕೇಳಿ ತೊಟ್ಟರು. ಒಳಗಿನ ಪಟ್ಟಿ ನೋಡಿದರೆ, ‘ಮೇಡ್ ಇನ್ ತೈವಾನ್’! ತೈವಾನ್ ನಮ್ಮದೇ ಅನ್ನುವ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಜೊತೆ ಆ ತೈವಾನ್ ವಿಷಯ ಮಾತಾಡಲು ಇದಕ್ಕಿಂತ ಒಳ್ಳೆ ಉಡುಪು ಸಿಗುತ್ತಿತ್ತೇ?

ಈ ಚೀನಾ ದಾರಿ ಮಾಡಿಕೊಟ್ಟವರು ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್. ಅದೇ ಹೊತ್ತಿಗೆ ಅವರ ಸೇನೆ ಪೂರ್ವ ಪಾಕಿಸ್ತಾನದಲ್ಲಿ (ಇಂದಿನ ಬಾಂಗ್ಲಾದೇಶ) ಜನರನ್ನು ಕೊಲ್ಲುತ್ತಿತ್ತು. ಢಾಕಾದಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಏಪ್ರಿಲ್‌ನಲ್ಲೇ ತಂತಿ ಕಳಿಸಿದ್ದರು. ಸರ್ಕಾರದ ಮೌನ ಒಪ್ಪಲಾಗದು ಅಂತ 20 ಮಂದಿ ಅಧಿಕಾರಿಗಳು ಅದಕ್ಕೆ ಸಹಿ ಹಾಕಿದ್ದರು. ಅದೇ ತಿಂಗಳ ಕೊನೆಯಲ್ಲಿ ನಿಕ್ಸನ್ ಕೈಯಾರೆ ಬರೆದ ಟಿಪ್ಪಣಿ: ಸದ್ಯಕ್ಕೆ ಯಾಹ್ಯಾರನ್ನು ಹಿಂಡಬೇಡಿ.

ಇಲ್ಲಿ ನನಗೆ ನಗು ಬರಲ್ಲ. ತಜ್ಞರಿಲ್ಲದೆ ಹೀಗಾಯಿತು ಅನ್ನೋ ಹಾಗೂ ಇಲ್ಲ. ತಜ್ಞರು ಅಲ್ಲೇ ಇದ್ದರು, ಕಣ್ಣಾರೆ ನೋಡಿದ್ದರು, ಬರೆದೂ ಇದ್ದರು. ಅಧ್ಯಕ್ಷರಿಗೆ ಬೇಡವಾಗಿತ್ತು, ಅಷ್ಟೇ. ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಓಡಿಬಂದರು. ಬ್ಲಡ್ ಅವರನ್ನು ಢಾಕಾದಿಂದ ಕಿತ್ತು ವಾಷಿಂಗ್ಟನ್‌ನ ಸಿಬ್ಬಂದಿ ವಿಭಾಗದಲ್ಲಿ ಕೂರಿಸಿದರು.