ಆ 48 ಅಂಕಿ ಎಲ್ಲಿದೆ ಅಂತ ಇವತ್ತೇ ನೋಡಿ

ನಮ್ಮ ಭಾವ ತಿಪಟೂರಿನಲ್ಲಿ ಮದುವೆ ಫೋಟೋ ತೆಗೆಯುತ್ತಾರೆ. ಇಪ್ಪತ್ತು ವರ್ಷದಿಂದ ಅದೇ ಕೆಲಸ, ಮನೆ ನಡೆಯುವುದೂ ಅದರಿಂದಲೇ. ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ, ನಾನಿನ್ನೂ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ, ಅಕ್ಕನ ಫೋನ್ ಬಂತು. "ಲ್ಯಾಪ್‌ಟಾಪ್ ಆನ್ ಮಾಡಿದ್ರೆ ನೀಲಿ ಸ್ಕ್ರೀನ್ ಬರ್ತಿದೆ ಕಣೇ. ಏನೋ ರಿಕವರಿ ಕೀ ಕೇಳ್ತಿದೆ. ನಮ್ಮ ಪಿನ್ ಹಾಕಿದ್ರೆ ತಗೋತಾನೇ ಇಲ್ಲ" ಅಂದಳು. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು.

ಆ ಲ್ಯಾಪ್‌ಟಾಪ್‌ನಲ್ಲಿ ಮೂರು ಮದುವೆಯ ಫೋಟೋಗಳಿದ್ದವು. ಮೂರೂ ಇನ್ನೂ ಆಲ್ಬಮ್ ಆಗದವು. ಸೀಸನ್ ಶುರುವಾದರೆ ಮೆಮೊರಿ ಕಾರ್ಡ್ ಸಾಲುವುದಿಲ್ಲ, ಒಂದು ಮದುವೆ ಮುಗಿಸಿ ಬಂದು ಲ್ಯಾಪ್‌ಟಾಪ್‌ಗೆ ಹಾಕಿಕೊಂಡು ಕಾರ್ಡ್ ಖಾಲಿ ಮಾಡಿ ಮಾರನೇ ದಿನ ಇನ್ನೊಂದು ಛತ್ರಕ್ಕೆ ಓಡುತ್ತಾರೆ. ಮನೆಯಲ್ಲಿದ್ದ ಹಾರ್ಡ್ ಡಿಸ್ಕ್ ತುಂಬಿಹೋಗಿತ್ತು, ಹೊಸದು ತರಬೇಕು ಅಂದುಕೊಂಡು ಹಾಗೇ ದಿನ ಹೋಗಿತ್ತು. "ಅಡ್ವಾನ್ಸ್ ಬೇಕಾದ್ರೆ ವಾಪಸ್ ಕೊಟ್ಟುಬಿಡ್ತೀನಮ್ಮ, ಧಾರೆ ಇನ್ನೊಂದ್ಸಲ ಎರೆಸೋಕಾಗುತ್ತಾ?" ಅಂದರು ಭಾವ. ಅವರು ಅಷ್ಟು ಮಾತಾಡಿದ್ದೇ ಜಾಸ್ತಿ.

ಆಗಿದ್ದು ಇಷ್ಟು. ಹಿಂದಿನ ಶನಿವಾರ ಒಂದು ರಿಪೇರಿ ಅಂಗಡಿಯಲ್ಲಿ ಬ್ಯಾಟರಿ ಬದಲಾಯಿಸಿದ್ದರು. ಅವರು ಅದರ ಜೊತೆಗೆ ಬಯಾಸ್, ಅಂದರೆ ಆನ್ ಮಾಡಿದಾಗ ಯಂತ್ರವನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಂ, ಅದನ್ನೂ ಅಪ್‌ಡೇಟ್ ಮಾಡಿ ಕಳಿಸಿದ್ದರು. ಮನೆಗೆ ಬಂದು ಆನ್ ಮಾಡಿದರೆ ನೀಲಿ ಪರದೆ. ವಾಪಸ್ ಅಂಗಡಿಗೆ ಹೋದರೆ "ಸಾರ್, ಬಿಟ್‌ಲಾಕರ್ ಬಿದ್ದಿದೆ, ಫಾರ್ಮ್ಯಾಟ್ ಮಾಡೋದೊಂದೇ ದಾರಿ" ಅಂದರಂತೆ. ಬಿಟ್‌ಲಾಕರ್ ಅಂದರೆ ಡಿಸ್ಕ್‌ನಲ್ಲಿ ಇರುವುದಕ್ಕೆಲ್ಲ ವಿಂಡೋಸ್ ಹಾಕುವ ಬೀಗ. ಇನ್ನೊಬ್ಬರು ಎಂಟು ಸಾವಿರ ಕೊಟ್ಟರೆ "ಲಾಕ್ ಒಡೆದು" ಕೊಡ್ತೀನಿ ಅಂದರಂತೆ. ನಾನು ಇಬ್ಬರಿಗೂ ಕೊಡಬೇಡಿ, ಮುಟ್ಟಲೂ ಬೇಡಿ, ಸಂಜೆ ಬಸ್ಸಿಗೆ ಬರ್ತೀನಿ ಅಂದೆ.

ಯಾಕೆ ಬೇಡ ಅಂದೆ ಅಂತ ಹೇಳುತ್ತೇನೆ. ಫಾರ್ಮ್ಯಾಟ್ ಮಾಡಿದರೆ ಲ್ಯಾಪ್‌ಟಾಪ್ ಸರಿಹೋಗುತ್ತದೆ, ಫೋಟೋ ಹೋಗುತ್ತದೆ. ಆಮೇಲೆ ಕೀ ಸಿಕ್ಕಿದರೂ ಏನೂ ಮಾಡಲು ಬರುವುದಿಲ್ಲ. ಇನ್ನು ಒಡೆಯುವ ಮಾತು. ಆ ಕೀ 48 ಅಂಕಿಯದು, ಆರಾರು ಅಂಕಿಯ ಎಂಟು ಗುಂಪು. ಅದರ ಹಿಂದೆ ಇರುವುದು 128 ಬಿಟ್‌ನ ಗುಟ್ಟು. ಎಷ್ಟು ಬಗೆಯ ಕೀ ಇರಬಹುದು ಅಂತ ಲೆಕ್ಕ ಹಾಕಿದರೆ ಬರುವ ಉತ್ತರವೇ 39 ಅಂಕಿಯ ಸಂಖ್ಯೆ. ಒಂದೊಂದಾಗಿ ಹಾಕಿ ನೋಡುತ್ತೇನೆ ಅಂದರೆ ಈ ಜನ್ಮದಲ್ಲಿ ಮುಗಿಯುವುದಿಲ್ಲ. ಕಳೆದುಹೋದ ಕೀಯನ್ನು ಮೈಕ್ರೋಸಾಫ್ಟ್‌ನವರೇ ಹೊಸದಾಗಿ ಮಾಡಿಕೊಡಲಾರರು, ಹಾಗಂತ ಅವರೇ ಬರೆದುಕೊಂಡಿದ್ದಾರೆ. ಅಂದಮೇಲೆ ಎಂಟು ಸಾವಿರಕ್ಕೆ ಯಾರು ಏನು ಒಡೆಯುತ್ತಾರೆ?

ಕೀ ಒಡೆಯಲು ಆಗುವುದಿಲ್ಲ, ಹುಡುಕಬೇಕು ಅಷ್ಟೇ. ಮತ್ತು ಹೆಚ್ಚಿನ ಸಲ ಅದು ಎಲ್ಲೋ ಒಂದು ಕಡೆ ಇರುತ್ತದೆ. ನನಗೆ ಈ ಬರಹದಲ್ಲಿ ಹೇಳಬೇಕಾಗಿರುವುದೇ ಇದು. ಕೀ ಕಳೆದಿರುವುದಿಲ್ಲ, ಅದನ್ನು ಎಲ್ಲಿ ಇಟ್ಟರು ಅಂತ ಯಂತ್ರದ ಯಜಮಾನರಿಗೆ ಯಾರೂ ಹೇಳಿರುವುದಿಲ್ಲ.

ಅಕ್ಕ ಮೊದಲು ನನ್ನ ಮೇಲೆ ರೇಗಿದಳು. "ನಾವು ಯಾವ ಲಾಕೂ ಹಾಕಿಲ್ಲ" ಅಂತ. ಅವಳು ಹೇಳಿದ್ದು ನಿಜವೇ. ಬಿಟ್‌ಲಾಕರ್ ಅನ್ನುವುದು 2007ರ ವಿಂಡೋಸ್ ವಿಸ್ಟಾ ಕಾಲದಿಂದ ಇದೆ, ಆದರೆ ಆಗ ಅದು ದುಬಾರಿ ಆವೃತ್ತಿಗಳಲ್ಲಿ ಮಾತ್ರ ಇತ್ತು, ಬೇಕಾದವರು ತಾವೇ ಹಾಕಿಕೊಳ್ಳಬೇಕಿತ್ತು. ಈಗ ಹಾಗಿಲ್ಲ. ಹೊಸ ಲ್ಯಾಪ್‌ಟಾಪ್ ತಂದು ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಸಾಕು, ಡ್ರೈವ್ ತಾನಾಗಿ ಎನ್‌ಕ್ರಿಪ್ಟ್ ಆಗಿ, ಅಂದರೆ ಕೀ ಇಲ್ಲದೆ ಯಾರೂ ಓದಲಾಗದ ಹಾಗೆ ಆಗಿ, ಕೀ ಹೋಗಿ ಆ ಅಕೌಂಟ್‌ನಲ್ಲಿ ಕೂರುತ್ತದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಇದು ಇನ್ನೂ ಜಾಸ್ತಿ ಯಂತ್ರಗಳಿಗೆ ಅನ್ವಯಿಸುತ್ತದೆ. ಬೀಗ ಬಿದ್ದಿದ್ದು ಮನೆಯವರಿಗೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ದಿನಾ ಅದನ್ನು ತೆಗೆಯುವುದು ಯಂತ್ರದೊಳಗಿನ ಒಂದು ಚಿಪ್. ಅದಕ್ಕೆ ಟಿಪಿಎಂ ಅನ್ನುತ್ತಾರೆ. ಆನ್ ಆಗುವಾಗ ಎಲ್ಲ ಮೊದಲಿನಂತೆಯೇ ಇದೆಯಾ ಅಂತ ನೋಡಿ, ಇದ್ದರೆ ಸುಮ್ನೆ ಬಾಗಿಲು ತೆಗೆಯುತ್ತದೆ. ಬಯಾಸ್ ಬದಲಾದರೆ, ಮದರ್‌ಬೋರ್ಡ್ ಬದಲಾದರೆ, ಇಲ್ಲ ಡಿಸ್ಕ್ ತೆಗೆದು ಬೇರೆ ಯಂತ್ರಕ್ಕೆ ಹಾಕಿದರೆ ಅದಕ್ಕೆ ಅನುಮಾನ ಬರುತ್ತದೆ. ಕಳ್ಳನಿರಬಹುದು ಅಂತ 48 ಅಂಕಿ ಕೇಳುತ್ತದೆ. ನಾವು ದಿನಾ ಒತ್ತುವ ನಾಲ್ಕಂಕಿಯ ಪಿನ್‌ಗೂ ಇದಕ್ಕೂ ಸಂಬಂಧ ಇಲ್ಲ.

ಹಾಗಾದರೆ ನಮ್ಮ ಪ್ರಶ್ನೆ ಯಾವ ಅಕೌಂಟ್ ಅನ್ನುವುದು. ಅಕ್ಕನಿಗೆ ಇರುವುದು ಜಿಮೇಲ್. ಭಾವನಿಗೆ ಇರುವುದೂ ಅದೇ. ಇಬ್ಬರದನ್ನೂ ಹಾಕಿ ನೋಡಿದೆವು, ಎರಡಕ್ಕೂ ಮೈಕ್ರೋಸಾಫ್ಟ್ ಅಕೌಂಟೇ ಇರಲಿಲ್ಲ. ಮಗನ ಕಾಲೇಜಿನ ಐಡಿ ಇರಬಹುದಾ ಅಂತ ಅವನಿಗೆ ಫೋನ್ ಮಾಡಿದೆವು. ಆಫೀಸಿನ, ಕಾಲೇಜಿನ ಅಕೌಂಟ್ ಒಮ್ಮೆ ಸೇರಿಸಿದ್ದರೂ ಕೀ ಅಲ್ಲಿಗೆ ಹೋಗಿರಬಹುದು, ಆಗ ಅಲ್ಲಿನ ಐಟಿಯವರನ್ನು ಕೇಳಬೇಕು. ಅವನು "ನಾನು ಅದರಲ್ಲಿ ಲಾಗಿನ್ ಆಗೇ ಇಲ್ಲ ಚಿಕ್ಕಮ್ಮ" ಅಂದ. ಪ್ರಿಂಟ್ ತೆಗೆದಿದ್ದೀರಾ ಅಂದೆ, ಇಲ್ಲ. ಪೆನ್‌ಡ್ರೈವ್‌ನಲ್ಲಿ ಬಿಟ್‌ಲಾಕರ್ ರಿಕವರಿ ಕೀ ಅನ್ನುವ ಹೆಸರಿನ ಟೆಕ್ಸ್ಟ್ ಫೈಲ್ ಇರುತ್ತದೆ ಕೆಲವು ಸಲ, ಇದ್ದ ಆರು ಪೆನ್‌ಡ್ರೈವ್‌ನಲ್ಲೂ ಹುಡುಕಿದೆವು. ಬರೀ ಪ್ರೀವೆಡ್ಡಿಂಗ್ ವಿಡಿಯೋಗಳು.

ರಾತ್ರಿ ಹತ್ತೂವರೆಗೆ ಅಕ್ಕನಿಗೆ ನೆನಪಾಯಿತು. ಲ್ಯಾಪ್‌ಟಾಪ್ ತಂದ ದಿನ ಅಂಗಡಿಯ ಹುಡುಗನೇ ಎಲ್ಲ ಸೆಟ್ ಮಾಡಿ ಕೊಟ್ಟಿದ್ದ. ಮಧ್ಯದಲ್ಲಿ ಅಕ್ಕನ ನಂಬರ್ ಕೇಳಿ ಒಂದು ಓಟಿಪಿ ಹೇಳಿಸಿಕೊಂಡಿದ್ದ. ಏನೋ ಬಾಕ್ಸ್ ಮೇಲೆ ಬರೆದೂ ಕೊಟ್ಟಿದ್ದ. ಬಾಕ್ಸ್ ಎಲ್ಲಿ? ಅಟ್ಟದ ಮೇಲೆ, ಗೌರಿ ಹಬ್ಬದ ಮಂಟಪದ ಸಾಮಾನಿನ ಹಿಂದೆ. ಭಾವ ಏಣಿ ಹಾಕಿ ಹತ್ತಿದರು. ಬಾಕ್ಸ್‌ನ ಒಳಗಿನ ಮುಚ್ಚಳದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಂದು ಔಟ್‌ಲುಕ್ ಐಡಿ. ಅದರ ಕೆಳಗೆ ಪಾಸ್‌ವರ್ಡ್, ಅದರ ಮೇಲೆ ಮಳೆನೀರು ಸೋರಿ ಅರ್ಧ ಅಳಿಸಿಹೋಗಿತ್ತು.

ಐಡಿ ಸಿಕ್ಕಿದ್ದೇ ದೊಡ್ಡದು. ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿದರೆ ಒಂದು ಮೊಬೈಲ್ ನಂಬರಿಗೆ ಕೋಡ್ ಕಳಿಸುತ್ತೇನೆ ಅಂತು, ಕೊನೆಯ ಎರಡು ಅಂಕಿ ಮಾತ್ರ ತೋರಿಸಿತು. ಅಕ್ಕನ ಈಗಿನ ನಂಬರ್ ಅಲ್ಲ. ಹಳೆಯದು. ಆ ಸಿಮ್ ಈಗ ತುರುವೇಕೆರೆ ಹತ್ತಿರ ಊರಲ್ಲಿ ಅವಳ ಅತ್ತೆಯ ಕೀಪ್ಯಾಡ್ ಫೋನ್‌ನಲ್ಲಿತ್ತು. ರಾತ್ರಿ ಹನ್ನೊಂದು ಗಂಟೆಗೆ ಅವರನ್ನು ಎಬ್ಬಿಸಿ, ಅವರು ಪಕ್ಕದ ಮನೆ ಹುಡುಗಿಯನ್ನು ಕರೆದು, ಆ ಮಗು ಕೋಡ್ ಓದಿ ಹೇಳಿತು. ಭಾವ ಪ್ರತಿ ತಿಂಗಳು ಬೈದುಕೊಳ್ಳದೆ ಆ ಫೋನಿಗೆ ರೀಚಾರ್ಜ್ ಮಾಡಿಸುತ್ತಾ ಬಂದಿದ್ದರು, ಅದಕ್ಕೇ ನಂಬರ್ ಉಳಿದಿತ್ತು. ಬಿಟ್ಟುಬಿಟ್ಟಿದ್ದರೆ ಆ ನಂಬರ್ ಬೇರೆ ಯಾರಿಗೋ ಹೋಗಿರುತ್ತಿತ್ತು. ಅಕೌಂಟ್ ಕಥೆಯೂ ಹಾಗೇ, ಎರಡು ವರ್ಷ ಯಾರೂ ಅದರೊಳಗೆ ಹೋಗದಿದ್ದರೆ ಅದನ್ನು ಮುಚ್ಚಿಬಿಡಬಹುದು.

ಒಳಗೆ ಹೋದೆವು. ಎರಡು ಕೀ ಇದ್ದವು. ಇಲ್ಲಿ ಒಂದು ವಿಷಯ ಗಮನಿಸಿ, ನೀಲಿ ಪರದೆಯ ಮೇಲೆ ರಿಕವರಿ ಕೀ ಐಡಿ ಅಂತ ಇರುತ್ತದೆ. ಅದರ ಮೊದಲ ಎಂಟು ಅಕ್ಷರ ಅಕೌಂಟ್‌ನಲ್ಲಿರುವ ಐಡಿಯ ಜೊತೆ ತಾಳೆ ಆಗಬೇಕು. ಯಾವ ಕೀ ಯಾವ ಡ್ರೈವಿನದು ಅಂತ ಅದರಿಂದಲೇ ತಿಳಿಯುವುದು. ಒಂದು ವಿಂಡೋಸ್ ಇರುವ ಡ್ರೈವಿನದು, ಇನ್ನೊಂದು ಡಿ ಡ್ರೈವಿನದು. ಕೀ ಬಂದು ಸೇರಿದ ದಿನಾಂಕವೂ ಅಲ್ಲಿತ್ತು. ಲ್ಯಾಪ್‌ಟಾಪ್ ಮನೆಗೆ ತಂದ ದಿನವೇ. ಆ ಸಂಜೆ ಅಕ್ಕ ಕೇಸರಿಬಾತ್ ಮಾಡಿದ್ದಳಂತೆ.

ಅಕ್ಕ ನನ್ನ ಫೋನ್ ನೋಡಿ ಗುಂಪುಗುಂಪಾಗಿ ಓದಿದಳು, ಭಾವ ಒತ್ತಿದರು. ಕೈ ನಡುಗಿ ಒಂದು ಕಡೆ ತಪ್ಪಾಯಿತು, ಅದನ್ನು ಯಂತ್ರವೇ ಹಿಡಿಯಿತು. ಈ ಕೀ ಮಾಡಿರುವ ರೀತಿ ನನಗೆ ತುಂಬಾ ಹಿಡಿಸಿತು, ಗಣಿತ ಕಲಿಸುವವಳಾದ್ದರಿಂದ ಹೇಳದೆ ಇರಲಾರೆ. ಪ್ರತಿ ಆರಂಕಿಯ ಗುಂಪೂ 11ರಿಂದ ಭಾಗವಾಗಲೇಬೇಕು. ಯಾವ ಗುಂಪೂ 720885 ದಾಟುವುದಿಲ್ಲ. ಹಾಗಾಗಿ ನೀವು ಕೈಯಲ್ಲಿ ಬರೆದಿಟ್ಟ ಕೀಯಲ್ಲಿ ಒಂದು ಅಂಕಿ 1 ಇರಬಹುದಾ 7 ಇರಬಹುದಾ ಅಂತ ಅನುಮಾನ ಬಂದರೆ, ಏಳನೇ ಕ್ಲಾಸಿನ ಮಕ್ಕಳೂ ಮಾಡುವ ಲೆಕ್ಕ ಸಾಕು. ಒಂದು ಬಿಟ್ಟು ಒಂದು ಅಂಕಿ ಕೂಡಿಸಿ, ಎರಡು ಮೊತ್ತದ ವ್ಯತ್ಯಾಸ 0 ಅಥವಾ 11ರ ಗುಣಕ ಆಗುತ್ತಾ ನೋಡಿ. ಆಗದಿದ್ದರೆ ಆ ಗುಂಪಿನಲ್ಲೇ ತಪ್ಪಿದೆ. ಗುಂಪಿನ ಮೊದಲ ಅಂಕಿ 8 ಅಥವಾ 9 ಅಂತ ಕಂಡರೆ ಅದೂ ತಪ್ಪು ಓದಿದ್ದೇ. ಮಳೆನೀರು ಬಿದ್ದ ಕಾಗದದ ಮುಂದೆ ಕೂತವರಿಗೆ ಇದರ ಬೆಲೆ ಗೊತ್ತು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಲ್ಯಾಪ್‌ಟಾಪ್ ತೆರೆಯಿತು. ಮೂರೂ ಮದುವೆ ಇತ್ತು. ಭಾವ ಏನೂ ಹೇಳದೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಇದನ್ನು ಕೇಳಿದವರಲ್ಲಿ ಮುಕ್ಕಾಲು ಜನ ನನಗೆ ಹೇಳಿದ್ದು ಒಂದೇ ಮಾತು, ಆ ಬಿಟ್‌ಲಾಕರ್ ಆಫ್ ಮಾಡಿಬಿಡಿ, ಪೀಡೆ ತೊಲಗಲಿ ಅಂತ. ನಾನು ಒಪ್ಪುವುದಿಲ್ಲ. ಭಾವನ ಲ್ಯಾಪ್‌ಟಾಪ್‌ನಲ್ಲಿ ಊರಿನ ಎಷ್ಟೋ ಹೆಣ್ಣುಮಕ್ಕಳ ಫೋಟೋ ಇದೆ. ಮದುಮಗಳು ಅಲಂಕಾರ ಮಾಡಿಕೊಳ್ಳುವ ಕೋಣೆಯಲ್ಲಿ ತೆಗೆದದ್ದೂ ಇದೆ. ಅವರ ಆಧಾರ್ ಕಾಪಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಸ್ಕ್ಯಾನ್ ಆಗಿ ಅಲ್ಲೇ ಕೂತಿದೆ. ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗ್ ಕಳುವಾದರೆ? ಎನ್‌ಕ್ರಿಪ್ಟ್ ಆಗದ ಡಿಸ್ಕ್ ಅಂದರೆ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಹಾಕಿ ಎಲ್ಲ ನೋಡಬಹುದು, ಪಿನ್ ಕೂಡ ಬೇಕಾಗಿಲ್ಲ. ಆ ಹುಡುಗಿಯರು ನಂಬಿ ಕ್ಯಾಮೆರಾ ಮುಂದೆ ನಿಂತಿದ್ದಾರೆ. ಬೀಗ ಇರಲೇಬೇಕು.

ನನ್ನ ಸಿಟ್ಟು ಇರುವುದು ಬೀಗದ ಮೇಲೆ ಅಲ್ಲ, ಕೀ ಯಾರ ಹೆಸರಲ್ಲಿದೆ ಅಂತ ಹೇಳದೆ ಕಳಿಸುವ ನಮ್ಮ ಅಭ್ಯಾಸದ ಮೇಲೆ. ಲ್ಯಾಪ್‌ಟಾಪ್ ಮಾರುವವರು ಗಿರಾಕಿಗೆ ತೊಂದರೆ ಆಗದಿರಲಿ ಅಂತಲೇ ತಾವೇ ಒಂದು ಐಡಿ ಮಾಡಿ ಕೊಡುತ್ತಾರೆ, ಅದು ನಿಜ. ಆದರೆ ಆ ಐಡಿಯೇ ಮನೆಯ ಕೀ ಆಗುತ್ತದೆ ಅಂತ ಒಂದು ಮಾತು ಹೇಳಬೇಕಲ್ವಾ? ರಿಪೇರಿ ಮಾಡುವವರು ಬಯಾಸ್ ಮುಟ್ಟುವ ಮೊದಲು ಕೀ ಇದೆಯಾ ಅಂತ ಕೇಳಬೇಕು. ಬಿಟ್‌ಲಾಕರ್ ಅನ್ನು ಸ್ವಲ್ಪ ಹೊತ್ತು ಸಸ್ಪೆಂಡ್ ಮಾಡಿ ಆಮೇಲೆ ಅಪ್‌ಡೇಟ್ ಮಾಡಿದರೆ ಈ ಪರದೆ ಬರುವುದೇ ಇಲ್ಲ. ಎರಡು ನಿಮಿಷದ ಕೆಲಸ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಕಂಪ್ಯೂಟರ್ ಭದ್ರತೆಯ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಯಾದವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು, ನೆನಪಿದೆಯಾ? ಒಂದು ಫೈಲ್ ಅಳಿಸಿದರೆ ಯಂತ್ರ ಸರಿಹೋಗುತ್ತಿತ್ತು. ಆದರೆ ಎನ್‌ಕ್ರಿಪ್ಟ್ ಆದ ಯಂತ್ರಗಳಲ್ಲಿ ಆ ಫೈಲ್ ತನಕ ಹೋಗಲು ಮೊದಲು ಈ 48 ಅಂಕಿ ಒತ್ತಬೇಕಿತ್ತು. ಕೀಗಳನ್ನೆಲ್ಲ ಇಟ್ಟಿದ್ದ ಸರ್ವರ್ರೇ ಕೆಲವು ಕಡೆ ನೀಲಿಯಾಗಿ ಕೂತಿತ್ತು.

ನಿಮ್ಮ ಲ್ಯಾಪ್‌ಟಾಪ್ ಈಗ ಸರಿಯಾಗಿ ಓಡುತ್ತಿದ್ದರೆ ಇವತ್ತೇ ನೋಡಿಕೊಳ್ಳಿ. ಸ್ಟಾರ್ಟ್‌ನಲ್ಲಿ ಬಿಟ್‌ಲಾಕರ್ ಅಂತ ಟೈಪ್ ಮಾಡಿದರೆ ಮ್ಯಾನೇಜ್ ಬಿಟ್‌ಲಾಕರ್ ಬರುತ್ತದೆ, ಅಲ್ಲಿಂದ ಕೀಯನ್ನು ಪ್ರಿಂಟ್ ತೆಗೆಯಬಹುದು. ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯಾ ನೋಡಿ, ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ ಕೀ ಅಲ್ಲಿ ಕೂತಿದೆಯಾ ಖಚಿತ ಮಾಡಿಕೊಳ್ಳಿ. ಅಂಗಡಿಯವರು ಮಾಡಿಕೊಟ್ಟ ಐಡಿ ಆಗಿದ್ದರೆ ಪಾಸ್‌ವರ್ಡ್ ಬದಲಿಸಿ, ಈಗ ನಡೆಯುತ್ತಿರುವ ನಂಬರ್ ಸೇರಿಸಿ. ಕಾಗದದಲ್ಲಿ ಬರೆಯುವಾಗ ಕೀ ಐಡಿಯನ್ನೂ ಬರೆಯಿರಿ. ಆ ಕಾಗದವನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮಾತ್ರ ಇಡಬೇಡಿ, ಬ್ಯಾಗ್ ಹೋದರೆ ಬೀಗ, ಕೀ ಎರಡೂ ಒಟ್ಟಿಗೆ ಹೋಗುತ್ತವೆ.

ಅಕ್ಕ ಎರಡು ಕೀಗಳನ್ನೂ ಒಂದು ಹಾಳೆಯಲ್ಲಿ ದಪ್ಪಗೆ ಬರೆದು, ಬೀರುವಿನಲ್ಲಿ ಮನೆ ಪತ್ರದ ಕವರಿನೊಳಗೆ ಇಟ್ಟಿದ್ದಾಳೆ. ಭಾವ ಎರಡು ಹೊಸ ಹಾರ್ಡ್ ಡಿಸ್ಕ್ ತಂದಿದ್ದಾರೆ.

ಮಾರನೇ ದಿನ ತುಮಕೂರಿಗೆ ಬಂದು ನನ್ನ ಲ್ಯಾಪ್‌ಟಾಪ್ ನೋಡಿದೆ. ಎನ್‌ಕ್ರಿಪ್ಟ್ ಆಗಿದೆ. ನನ್ನ ಅಕೌಂಟ್‌ನಲ್ಲಿ ಕೀ ಇಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು, ಅದನ್ನು ಮೊದಲ ದಿನ ಸೆಟ್ ಮಾಡಿಕೊಟ್ಟ ನಮ್ಮ ಅಕ್ಕನ ಮಗನ ಅಕೌಂಟ್‌ನಲ್ಲಿ.