ಪೆಟ್ಟಿಗೆ ಹೊಸದು, ತಗಾದೆ ಹಳೆಯದು

ಹಳೇ ಸಿನಿಮಾದ ಸಂಗೀತವನ್ನು ತಿಕ್ಕಿ ತೊಳೆದು, ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮತ್ತೊಮ್ಮೆ ಮಾರಾಟಕ್ಕೆ ತಂದರೆ ಅಭಿಮಾನಿಗಳು ಖುಷಿಪಡಬೇಕು ತಾನೇ? ಪಡುತ್ತಾರೆ, ಪ್ಲಾಸ್ಟಿಕ್ ಹರಿಯುವವರೆಗೆ. ಆಮೇಲೆ ಪೆಟ್ಟಿಗೆಯ ಬೆನ್ನು ತಿರುಗಿಸಿ ಟ್ರ್ಯಾಕ್ ಪಟ್ಟಿ ಓದುತ್ತಾರೆ. ಅಲ್ಲಿಗೆ ಮನೆಯ ನೆಮ್ಮದಿ ಮುಗಿಯಿತು.

‘ಸ್ಟಾರ್ ವಾರ್ಸ್’ ಮೊದಲ ಮೂರು ಚಿತ್ರಗಳ ಸಂಗೀತವನ್ನೇ ನೋಡಿ. 1977ರಲ್ಲಿ ಸಂಗೀತ ರಚಿಸಿದ ಜಾನ್ ವಿಲಿಯಮ್ಸ್ ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನು ಡೆನ್‌ಹ್ಯಾಮ್‌ನ ಆನ್ವಿಲ್ ಸ್ಟುಡಿಯೋದಲ್ಲಿ ಕೂರಿಸಿ ನುಡಿಸಿದರು. ಎಂಜಿನಿಯರ್ ಎರಿಕ್ ಟಾಮ್ಲಿನ್‌ಸನ್. ಅದು ಎರಡು ಎಲ್‌ಪಿ ತಟ್ಟೆಗಳಾಗಿ ಹೊರಬಂತು. ವಿಲಿಯಮ್ಸ್ ಅದನ್ನು ಕೇಳುವ ಸುಖಕ್ಕೆ ಹೊಂದಿಸಿದ್ದರೇ ಹೊರತು ಕಥೆಯ ಕ್ರಮಕ್ಕಲ್ಲ. ಶೀರ್ಷಿಕೆ ಸಂಗೀತಕ್ಕೆ ಕೊನೆಯ ಶೀರ್ಷಿಕೆಗಳ ಸಂಗೀತವನ್ನು ಹೊಲಿದು ಕಛೇರಿಯಲ್ಲಿ ನುಡಿಸುವಂಥ ಒಂದು ಕೃತಿ ಮಾಡಿದರು. ಅಭಿಮಾನಿಗಳು ಎರಡು ಪಂಗಡವಾದದ್ದು ಇಲ್ಲಿಯೇ. ಒಬ್ಬರಿಗೆ ಆಲ್ಬಂ ಹೇಗಿತ್ತೋ ಹಾಗೇ ಬೇಕು. ಇನ್ನೊಬ್ಬರಿಗೆ ಸಿನಿಮಾದಲ್ಲಿ ಯಾವ ಬಾಗಿಲು ಯಾವಾಗ ಮುಚ್ಚಿತೋ ಅದೇ ಸಾಲಿನಲ್ಲಿ ತುತ್ತೂರಿ ಊದಬೇಕು. ಎರಡನೆಯವರಲ್ಲಿ ಲೆಕ್ಕಪತ್ರ ತಪಾಸಣೆಯ ಕಸುಬಿನವರೇ ಜಾಸ್ತಿ ಇರಬೇಕೆಂಬುದು ನನ್ನ ಗುಮಾನಿ.

1980ರ ಎರಡನೇ ಚಿತ್ರಕ್ಕೂ ಎರಡು ಎಲ್‌ಪಿ ಬಂತು. ಅದೇ ಸಿ.ಡಿ.ಯಾದಾಗ ಬಹಳಷ್ಟನ್ನು ಕತ್ತರಿಸಿ ಒಂದೇ ಡಿಸ್ಕ್ ಮಾಡಿದರು, ಆ ಡಿಸ್ಕಿನಲ್ಲೂ ಜಾಗ ಉಳಿದಿತ್ತು. 1983ರ ಮೂರನೇ ಚಿತ್ರದ ಸಂಗೀತವನ್ನು ಲಂಡನ್ನಿನ ಹೆಸರಾಂತ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದರೂ ಮಾರಾಟಕ್ಕೆ ಬಂದದ್ದು ಒಂದೇ ಎಲ್‌ಪಿ, ಮುಕ್ಕಾಲು ಗಂಟೆಯಷ್ಟು.

ಹಾಗಾಗಿ 1993ರಲ್ಲಿ ನಾಲ್ಕು ಸಿ.ಡಿ.ಗಳ ಪೆಟ್ಟಿಗೆ ಬಂದಾಗ ಜನ ಕುಣಿದರು. ಚಿತ್ರಕ್ಕೊಂದರಂತೆ ಮೂರು ಡಿಸ್ಕ್, ಅವುಗಳಲ್ಲಿ ಸೇರದೆ ಉಳಿದ ತುಣುಕುಗಳು ನಾಲ್ಕನೆಯದರಲ್ಲಿ. ಆ ನಾಲ್ಕನೆಯದೇ ತಲೆನೋವು. ಮೂರನೇ ಚಿತ್ರವನ್ನು ಕಥೆಯ ಕ್ರಮದಲ್ಲಿ ಕೇಳಬೇಕೆಂದರೆ ಮೂರನೇ ಡಿಸ್ಕ್ ಹಾಕು, ನಡುವೆ ನಿಲ್ಲಿಸು, ನಾಲ್ಕನೆಯದು ಹಾಕು, ಬೇಕಾದ ಟ್ರ್ಯಾಕ್ ಹುಡುಕು, ತೆಗೆ, ಮತ್ತೆ ಮೂರನೆಯದು. ಒಂದೇ ಡಿಸ್ಕಿನ ಪ್ಲೇಯರ್‌ನಲ್ಲಿ ಪ್ರೋಗ್ರಾಂ ಗುಂಡಿ ಒತ್ತಿಯೂ ಪ್ರಯೋಜನವಿಲ್ಲ. ಐದು ಡಿಸ್ಕಿನ ಚೇಂಜರ್ ಇದ್ದವರು ಸರಾಗವಾಗಿ ಪ್ರೋಗ್ರಾಂ ಮಾಡಿಕೊಂಡರು, ಆದರೆ ಕರೆಂಟು ಹೋದರೆ ಅದೂ ಹೋಗುತ್ತಿತ್ತು. ಡಿಸ್ಕ್ ಬದಲಾಗುವಾಗಿನ ಗರಗರ ಸದ್ದನ್ನು ಸಂಗೀತದ ಭಾಗವೆಂದೇ ಒಪ್ಪಿಕೊಂಡವರೂ ಉಂಟು.

1997ರಲ್ಲಿ ಆರ್‌ಸಿಎ ವಿಕ್ಟರ್ ಚಿತ್ರಕ್ಕೆ ಎರಡೆರಡು ಡಿಸ್ಕ್ ಕೊಟ್ಟು ಎಲ್ಲವನ್ನೂ ಕಥೆಯ ಕ್ರಮದಲ್ಲಿ ಕೂರಿಸಿತು. ಇನ್ನಾದರೂ ಬಾಯಿ ಮುಚ್ಚುತ್ತಾರೆ ಅಂದುಕೊಂಡಿರಾ? ಎರಡನೇ ಚಿತ್ರದ ಹಿಮದ ಯುದ್ಧದ ಸಂಗೀತ ಒಂದೇ ಟ್ರ್ಯಾಕ್, ಸುಮಾರು 15 ನಿಮಿಷ. ನಡುವಿನ ಮೂರು ನಿಮಿಷ ಬೇಕೆಂದವರು ಫಾರ್ವರ್ಡ್ ಗುಂಡಿಯ ಮೇಲೆ ಹೆಬ್ಬೆರಳಿಟ್ಟೇ ಕೂರಬೇಕು. ಮೊದಲ ಚಿತ್ರದ ಮೊದಲ ಡಿಸ್ಕಿನ ಕೊನೆಯಲ್ಲಿ ಇನ್ನೊಂದು ಚೇಷ್ಟೆ: ಎರಡು ಸೂರ್ಯರ ಅಸ್ತಮಾನದ ಬದಲಿ ರೂಪ ಮುಗಿಯುತ್ತದೆ, ನಿಶ್ಶಬ್ದ, ಮತ್ತಷ್ಟು ನಿಶ್ಶಬ್ದ, ಆಮೇಲೆ ಪಟ್ಟಿಯಲ್ಲಿ ಹೆಸರೇ ಇಲ್ಲದಂತೆ ಶೀರ್ಷಿಕೆ ಸಂಗೀತದ ಐದು ಟೇಕ್‌ಗಳು ಒಂದರ ಹಿಂದೊಂದು. ಗೊತ್ತಿದ್ದವರಿಗೆ ಅದು ನಿಧಿ. ಗೊತ್ತಿಲ್ಲದೆ ವಾಲ್ಯೂಮ್ ಏರಿಸಿಟ್ಟು ಕಾಫಿ ಸೋಸಲು ಹೋದವರಿಗೆ, ಸೋಸುವ ಹೊತ್ತಿಗೆ ಸರಿಯಾಗಿ ಹಿತ್ತಾಳೆ ವಾದ್ಯಗಳ ಸಿಡಿಲು.

ಅದಕ್ಕಿಂತ ದೊಡ್ಡ ರಂಪ ಮೂರನೇ ಚಿತ್ರದ್ದು. 1997ರಲ್ಲಿ ಸಿನಿಮಾಗಳನ್ನೇ ತಿದ್ದಿ ಮರುಬಿಡುಗಡೆ ಮಾಡಿದರಲ್ಲ, ಆಗ ಖಳ ಜಬ್ಬಾನ ಅರಮನೆಯ ‘ಲಪ್ಟಿ ನೆಕ್’ ಹಾಡು ಹೋಗಿ ಬೇರೆ ಹಾಡು ಬಂತು. ಕೊನೆಯಲ್ಲಿ ಕರಡಿಮರಿಯಂಥ ಇವಾಕ್‌ಗಳು ಹಾಡುವ ಹಾಡೂ ಹೋಗಿ ಅಲ್ಲಿ ಹೊಸ ವಿಜಯೋತ್ಸವ ಕೂತಿತು. ಹೊಸ ಡಿಸ್ಕುಗಳೂ ತಿದ್ದಿದ ಸಿನಿಮಾವನ್ನೇ ಅನುಸರಿಸಿದವು. ಹಳೆಯ ಎರಡೂ ಹಾಡು ಬೇಕಿದ್ದವರು ಆಗ ಹಳೆಯ ಡಿಸ್ಕುಗಳನ್ನೇ ಇಟ್ಟುಕೊಳ್ಳಬೇಕಾಯಿತು. ಆ ಹಾಡುಗಳನ್ನು ಅಭಿಮಾನಿಗಳೇ ವರ್ಷಗಟ್ಟಲೆ ಬೈದಿದ್ದರು. ತೆಗೆದ ಮೇಲೆ ಅವು ಪರಂಪರೆಯಾದವು.

2004ರಲ್ಲಿ ಸೋನಿ ಕ್ಲಾಸಿಕಲ್ ಅದೇ ಡಿಸ್ಕುಗಳಿಗೆ ಹೊಸ ಮುಖಪುಟ ಹಾಕಿ ತಂದಿತು. ಅಳಿಯ ಅಲ್ಲ, ಮಗಳ ಗಂಡ. 2018ರ ಮೇ 4ಕ್ಕೆ ಡಿಸ್ನಿ ನಿಜಕ್ಕೂ ಹೊಸ ಕೆಲಸ ಮಾಡಿತು: ಧ್ವನಿ ಎಂಜಿನಿಯರ್ ಷಾನ್ ಮರ್ಫಿ ಮೇಲ್ವಿಚಾರಣೆಯಲ್ಲಿ ಸಿಕ್ಕಷ್ಟು ಒಳ್ಳೆಯ ಮೂಲಗಳಿಂದ ಮರುಜೋಡಣೆ. ನಾದ ಚೆನ್ನಾಗಿದೆ ಎಂದು ಬಹಳ ಮಂದಿ ಒಪ್ಪಿದರು. ಆದರೆ ಜೋಡಿಸಿದ್ದು ಮೂಲ ಆಲ್ಬಂಗಳನ್ನು! ಮೂರನೇ ಚಿತ್ರ ತಿರುಗಿ ಮುಕ್ಕಾಲು ಗಂಟೆಗೆ ಬಂದು ನಿಂತಿತು, ಹಳೆಯ ಎರಡೂ ಹಾಡು ಮಾತ್ರ ವಾಪಸ್ ಬಂದವು. ಆಲ್ಬಂ ಪಂಗಡಕ್ಕೆ ಹಬ್ಬ, ಲೆಕ್ಕಪತ್ರದವರಿಗೆ ಸೂತಕ.

ಇನ್ನು ನಾದದ ಜಗಳ. ‘ಹೊಸದರಲ್ಲಿ ಜೀವ ಇದೆ’ ಅನ್ನುವವರಲ್ಲಿ ಬಹುಪಾಲು ಮಂದಿ ಕೇಳಿದ್ದು ಜೀವವಲ್ಲ, ಜೋರು. ಒಂದು ಡೆಸಿಬಲ್ ಹೆಚ್ಚಿದ್ದರೆ ಕಿವಿ ಅದನ್ನು ‘ಜೋರು’ ಎಂದು ಹೇಳುವುದಿಲ್ಲ, ‘ಚೆನ್ನ’ ಎಂದು ಹೇಳುತ್ತದೆ. ಲಿಮಿಟರ್ ಹಾಕಿ ಶಿಖರಗಳನ್ನು ತಟ್ಟಿ ಒಟ್ಟು ಮಟ್ಟ ಏರಿಸಿದರೆ ಮೊದಲ ಹತ್ತು ನಿಮಿಷ ಸೊಗಸು, ಅರ್ಧ ಗಂಟೆಯಲ್ಲಿ ದಣಿವು; ಒಂಟಿ ಕೊಳಲೂ ಅಷ್ಟೇ ಜೋರು, ಇಡೀ ವಾದ್ಯವೃಂದವೂ ಅಷ್ಟೇ ಜೋರು. ಹಾಗಾಗಿ ಹೋಲಿಸುವ ಮೊದಲು ಎರಡರ ಮಟ್ಟವನ್ನೂ 0.1 ಅಥವಾ 0.2 ಡೆಸಿಬಲ್‌ನೊಳಗೆ ಸರಿದೂಗಿಸಿ. ಕಂಪ್ಯೂಟರಿನ ಫೂಬಾರ್2000 ಪ್ಲೇಯರ್‌ನಲ್ಲಿ ಮಟ್ಟ ಸರಿದೂಗಿಸುವ ರೀಪ್ಲೇಗೇನ್ ಓಡಿಸಿ, ಎಬಿಎಕ್ಸ್ ಘಟಕದಲ್ಲಿ ಯಾವುದು ಯಾವುದೆಂದು ತಿಳಿಯದಂತೆ 16 ಸಲ ಕೇಳಿ. 12 ಸಲ ಸರಿ ಹೇಳಿದರೆ ವ್ಯತ್ಯಾಸ ಕೇಳಿಸುತ್ತಿದೆ ಎಂದು ನಂಬಬಹುದು. ಬರೀ ಊಹೆಯಿಂದ ಅಷ್ಟು ಬರುವ ಸಂಭವ ನೂರಕ್ಕೆ ನಾಲ್ಕಕ್ಕೂ ಕಡಿಮೆ. 9 ಬಂದರೆ ಯಾರಿಗೂ ಹೇಳದೆ ಕಂಪ್ಯೂಟರ್ ಮುಚ್ಚಿ. ಸ್ಪೀಕರ್ ಕೇಬಲನ್ನು ಬೈಯುವುದು ಇದ್ದೇ ಇದೆ.

ಹಳೆಯ ಮೂಲ ಟೇಪುಗಳಿಂದ ನಾದ ಎತ್ತುವವರನ್ನೂ ಸ್ವಲ್ಪ ಕನಿಕರದಿಂದ ನೋಡಬೇಕು. 70ರ ದಶಕದ ಕೆಲವು ಟೇಪುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ; ಹಾಗೇ ಓಡಿಸಿದರೆ ಕೀರಲು ಸದ್ದಿನೊಡನೆ ಧ್ವನಿ ಹಿಡಿದಿಡುವ ಆಕ್ಸೈಡ್ ಪದರವೇ ಕಿತ್ತು ಟೇಪ್ ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ 50ರಿಂದ 55 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಗಂಟೆಗಟ್ಟಲೆ ಹದವಾಗಿ ಕಾಯಿಸಿ, ಒಣಗಿಸಿ, ತಣ್ಣಗಾದ ಮೇಲೆ ಓಡಿಸುತ್ತಾರೆ. ಪ್ಲೇಬ್ಯಾಕ್ ಹೆಡ್ ಕೂದಲೆಳೆಯಷ್ಟು ವಾಲಿದರೂ ಪಿಟೀಲುಗಳ ಮೇಲಿನ ಮಿನುಗು ಮಾಯ. ಟೇಪಿನ ಹಿಸ್ಸನ್ನು (ಸುಯ್ಯೆಂಬ ಸದ್ದನ್ನು) ತಗ್ಗಿಸುವ ಡಾಲ್ಬಿ ಎ ಹಾಕಿ ಮುದ್ರಿಸಿದ್ದನ್ನು ಬಿಚ್ಚದೇ ನುಡಿಸಿದರೆ ಹಿಸ್ಸೂ ಹೆಚ್ಚು, ಚುರುಕೂ ಹೆಚ್ಚು. ಅದನ್ನೇ ‘ಎಂಥ ಸ್ಪಷ್ಟತೆ!’ ಎಂದು ಮೆಚ್ಚುವವರಿದ್ದಾರೆ. ಹಿಸ್ಸನ್ನು ಸಾಫ್ಟ್‌ವೇರಿನಿಂದ ಪೂರ್ತಿ ಉಜ್ಜಿದರೆ ಅದರ ಜತೆ ಸಭಾಂಗಣದ ಗಾಳಿಯೂ ಹೋಗುತ್ತದೆ. ನನ್ನ ಕೇಳಿದರೆ ಕೊಂಚ ಹಿಸ್ ಇರಲಿ.

ಇದೇ ಬಗೆಯ ಇನ್ನೊಂದು ಮೋಸ 80ರ ದಶಕದ ಆರಂಭದ ಕೆಲವು ಸಿ.ಡಿ.ಗಳದ್ದು. ಅವುಗಳಲ್ಲಿ ಪ್ರೀ-ಎಂಫಸಿಸ್ ಇರುತ್ತದೆ, ಎಂದರೆ ತಾರ ಸ್ವರಗಳನ್ನು ಎತ್ತಿ ಮುದ್ರಿಸಿ, ನುಡಿಸುವಾಗ ಪ್ಲೇಯರೇ ಇಳಿಸುವ ಏರ್ಪಾಡು. ಕಂಪ್ಯೂಟರಿಗೆ ಇಳಿಸಿಕೊಂಡಾಗ ಹಲವು ಸಾಫ್ಟ್‌ವೇರ್ ಆ ಗುರುತನ್ನು ಗಮನಿಸುವುದೇ ಇಲ್ಲ, 20 ಕಿಲೋಹರ್ಟ್ಸ್ ಹೊತ್ತಿಗೆ ಸುಮಾರು 9.5 ಡೆಸಿಬಲ್ ಹೆಚ್ಚಾಗಿಯೇ ಉಳಿಯುತ್ತದೆ. ಆ ಫೈಲು ಕೇಳಿ ‘ಮೊದಲ ಮುದ್ರಣದ ಮುಂದೆ ಹೊಸದಾಗಿ ತಿದ್ದಿದ ರೀಮಾಸ್ಟರ್ ಸಪ್ಪೆ’ ಎಂದು ಪುಟಗಟ್ಟಲೆ ಬರೆಯುತ್ತಾರೆ.

ಫೈಲುಗಳ ಅವಾಂತರ ಅಷ್ಟಕ್ಕೇ ಮುಗಿಯದು. ಎರಡು ಡಿಸ್ಕುಗಳನ್ನು ಒಂದೇ ಫೋಲ್ಡರಿಗೆ ಹಾಕಿ ಡಿಸ್ಕ್ ಸಂಖ್ಯೆಯ ಟ್ಯಾಗ್ ತುಂಬದಿದ್ದರೆ ಒಂದನೇ ಡಿಸ್ಕಿನ ಒಂದು, ಎರಡನೆಯದರ ಒಂದು, ಒಂದನೆಯದರ ಎರಡು, ಹೀಗೆ ನುಡಿಯುತ್ತದೆ. ನಾಯಕ ಮನೆ ಬಿಡುವ ಮೊದಲೇ ಶತ್ರುವಿನ ಕೋಟೆಯಲ್ಲಿರುತ್ತಾನೆ. ಎಂಪಿ3 ಮಾಡಿದರೆ ಫೈಲಿನ ತುದಿಗಳಲ್ಲಿ ಚೂರು ಮೌನ ಸೇರಿಕೊಂಡು ಒಂದಕ್ಕೊಂದು ಕೂಡಿದ ತುಣುಕುಗಳ ನಡುವೆ ಬಿಕ್ಕಳಿಕೆ ಬರುತ್ತದೆ, ಧ್ವನಿಯಲ್ಲಿ ಏನನ್ನೂ ಬಿಡದ ಫ್ಲ್ಯಾಕ್ ಫೈಲು ಮಾಡಿದರೆ ಬರದು. ನಕಲು ಹುಡುಕಿ ಅಳಿಸುವ ಸಾಫ್ಟ್‌ವೇರನ್ನು ಮಾತ್ರ ಈ ಫೋಲ್ಡರಿನ ಹತ್ತಿರ ಸುಳಿಯಗೊಡಬೇಡಿ. ಮೂರು ಚಿತ್ರಗಳ ಆರಂಭಕ್ಕೂ ಹೆಚ್ಚುಕಡಿಮೆ ಒಂದೇ ಹೆಸರು. ಬೇರೆ ಬೇರೆ ವರ್ಷ ಬೇರೆಯಾಗಿಯೇ ನುಡಿಸಿದ್ದೆಂದು ಅದಕ್ಕೇನು ಗೊತ್ತು, ಎರಡನ್ನು ಅಳಿಸಿ ‘ಜಾಗ ಉಳಿಸಿದೆ’ ಎಂದು ಬೀಗುತ್ತದೆ.

ಪೆಟ್ಟಿಗೆಯ ವಿಚಾರದಲ್ಲಿ ಮೂಗಿಗಿಂತ ಮೂಗುತಿ ಭಾರ. ಬಿಗಿ ರಟ್ಟಿನ ಜೇಬಿನಿಂದ ಡಿಸ್ಕ್ ಎಳೆದಾಗಲೆಲ್ಲ ಗೀರು. ಜೇಬಿನ ಎರಡು ತುದಿ ಮೆಲ್ಲಗೆ ಅಮುಕಿ, ಬಾಯಿ ಅಗಲಿಸಿ, ಬಗ್ಗಿಸಿದರೆ ಡಿಸ್ಕೇ ಜಾರಿ ಬರುತ್ತದೆ, ಬೆರಳು ತೂರಿಸಬೇಡಿ. ಹಳೆಯ ಬಹು-ಡಿಸ್ಕ್ ಡಬ್ಬಿಗಳಲ್ಲಿ ಸ್ಪಾಂಜಿನ ಹಾಳೆ ಇದ್ದರೆ ಇವತ್ತೇ ಎಸೆಯಿರಿ, ಅದು ಕೊಳೆತು ಡಿಸ್ಕಿಗೆ ಅಂಟುತ್ತದೆ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇಡದಿದ್ದರೆ ಕಿರುಹೊತ್ತಗೆಯ ಹಾಳೆಗಳು ಬೂಷ್ಟು ಹಿಡಿದು ಒಂದೇ ಇಟ್ಟಿಗೆಯಾಗುತ್ತವೆ. ಹೊರದೇಶದಿಂದ ತರಿಸುವವರು ಮೂಲೆ ಜಜ್ಜಿದ ಪೆಟ್ಟಿಗೆಗೂ ಪೂರ್ತಿ ಸುಂಕ ಕಟ್ಟಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಲಿ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು? ಬೈಸಿಕೊಂಡ ಆ ಎರಡು ಹಾಡಿಗೂ ನಾದಕ್ಕೂ 2018ರದ್ದು, ಮಿಕ್ಕ ಸಂಗೀತಕ್ಕೂ ಐದು ಟೇಕ್‌ಗಳಿಗೂ 1997ರದ್ದು. ಕಪಾಟು ಖಾಲಿ ಮಾಡಿ ಎಂದು ಮನೆಯವರು ಪಟ್ಟು ಹಿಡಿದರೆ 2004ರದ್ದನ್ನು ಮಾರಬಹುದು. ತೊಡಕು ಇಷ್ಟೇ: ಕೊಳ್ಳುವಷ್ಟು ಹುಚ್ಚಿರುವವನ ಕಪಾಟಿನಲ್ಲಿ ಅದು ಆಗಲೇ ಇರುತ್ತದೆ, ಮತ್ತು ಅವನೂ ಮಾರಲು ಗಿರಾಕಿ ಹುಡುಕುತ್ತಿರುತ್ತಾನೆ.